ರಾಗಿ ಮೊಳೆತ ಕಂಪ್ಯೂಟರು

ನನಗೆ ಕೆಟ್ಟದ್ದು ಮಾಡಿದವರನ್ನು ನಾನು ಮರೆಯುವುದಿಲ್ಲ. ಮರೆತುಬಿಡು, ದೇವರು ನೋಡಿಕೊಳ್ಳುತ್ತಾನೆ ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ದೇವರಿಗೆ ನೂರೆಂಟು ಕೆಲಸ. ನನ್ನ ವಿಷಯವನ್ನು ಆತ ಯಾವಾಗ ಕೈಗೆತ್ತಿಕೊಳ್ಳುತ್ತಾನೋ ಎಂದು ಕಾದು ಕೂರುವಷ್ಟು ತಾಳ್ಮೆ ನನಗಿಲ್ಲ. ಹಾಗಂತ ಯಾರ ಮನೆಯ ಬಾಗಿಲನ್ನೂ ಹುಡುಕಿಕೊಂಡು ಹೋಗಿ ಒದ್ದವಳಲ್ಲ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ. ಸುತ್ತಮುತ್ತ ಕೆಟ್ಟದ್ದೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೇ ಬರುತ್ತದೆ.

ಆಯುಧಪೂಜೆ ಕಳೆದು ಕೆಲವು ದಿನಗಳಾಗಿದ್ದವು. ಅಂಗಡಿಗಳ ಮುಂದೆ ಕಟ್ಟಿದ ಬಾಳೆಕಂದುಗಳು ಬಾಡಿ ಜೋತುಬಿದ್ದಿದ್ದವು, ರಸ್ತೆಯಲ್ಲಿ ಒಡೆದ ಬೂದುಗುಂಬಳದ ಚೂರುಗಳನ್ನು ಹಸುಗಳು ಮೂಸಿ ನೋಡುತ್ತಿದ್ದವು. ಬಸ್ಸಿಳಿದ ಒಬ್ಬ ವಯಸ್ಸಾದ ಹೆಂಗಸು ಹಳೇ ಸೀರೆಯಲ್ಲಿ ಸುತ್ತಿದ ದೊಡ್ಡ ಗಂಟೊಂದನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಅಂಗಡಿಯ ಕಡೆಗೇ ಬಂದಳು. ಮೂಗಿನ ಎರಡೂ ಕಡೆ ಮೂಗುಬೊಟ್ಟು, ಎದುರಿಗಿರುವವರನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಕಣ್ಣು. ಅವಳು ಮೆಟ್ಟಿಲು ಹತ್ತುವ ಮೊದಲೇ ನನಗೆ ಗುರುತು ಸಿಕ್ಕಿತು. ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡಿತು.

"ಕಂಪ್ಯೂಟ್ರು ರಿಪೇರಿ ಮಾಡೋ ಅಂಗ್ಡಿ ಇದೇ ಏನವ್ವ?" ಅಂದಳು. ನನ್ನನ್ನು ನೋಡಿದಳು, ಆದರೆ ಮುಖದಲ್ಲಿ ಏನೂ ಬದಲಾಗಲಿಲ್ಲ. ನನ್ನ ಬದುಕಿಗೆ ಮಣ್ಣು ಹಾಕಿದವಳಿಗೆ ನನ್ನ ಮುಖದ ನೆನಪೂ ಇಲ್ಲ ಎಂದುಕೊಂಡಾಗ ಬೆಂಕಿ ಇನ್ನಷ್ಟು ಉರಿಯಿತು.

ಇವಳು ನನ್ನನ್ನು ಸೊಸೆ ಮಾಡಿಕೊಳ್ಳಲು ನೋಡಿಹೋದವಳು. ಆಗ ನಮ್ಮ ಮನೆ ನಾಗಮಂಗಲ ತಾಲ್ಲೂಕಿನ ಹಳ್ಳಿಯಲ್ಲಿತ್ತು. ನಾನು ಬಾಬುರಾಯನಕೊಪ್ಪಲಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಶ್ರೀರಂಗಪಟ್ಟಣದ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಹೆಣ್ಣು ನೋಡಲು ಬರುತ್ತಾರೆ ಎಂದು ಊರಿಗೆ ಕರೆಸಿದರು. ಕೆ.ಆರ್. ಪೇಟೆ ಕಡೆಯ ಜಮೀನ್ದಾರರ ಮನೆ, ನೀರಾವರಿ ಗದ್ದೆ, ಒಬ್ಬನೇ ಮಗ ಎಂದು ಅಪ್ಪ ಒಂದು ವಾರದಿಂದ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಟೆಂಪೋ ತುಂಬ ಜನ ಬಂದರು. ಅಮ್ಮ ಮಾಡಿದ ಕೇಸರಿಬಾತು, ಬೋಂಡ, ಉಪ್ಪಿಟ್ಟನ್ನು ಚೆನ್ನಾಗಿಯೇ ತಿಂದರು. ನನ್ನನ್ನು ನಡೆಸಿ ನೋಡಿದರು, ಜಡೆ ಎತ್ತಿ ನೋಡಿದರು. ಅದೆಲ್ಲ ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಅನುಭವಿಸಿದ್ದೇ ಆದ್ದರಿಂದ ನಾನೂ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಇವಳು ನನ್ನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಬೆರಳ ತುದಿಗಳಲ್ಲಿ ಬೆಸುಗೆ ಹಾಕುವಾಗ ಸುಟ್ಟ ಕಪ್ಪು ಕಲೆಗಳಿದ್ದವು.

"ಇದೇನ್ರವ್ವ, ಗಾರೆ ಕೆಲ್ಸುದೋಳ ಕೈ ಇದ್ದಂಗದೆ!" ಅಂದಳು. ಟೆಂಪೋದವರೆಲ್ಲ ನಕ್ಕರು. ನಾನು ಕೈ ಕಿತ್ತುಕೊಂಡು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವಳು ಎದ್ದು ಸೆರಗು ಕೊಡವಿಕೊಂಡು, "ಊರ್ಗೋಗಿ ತಿಳುಸ್ತೀವಿ" ಅಂದಳು.

ತಿಳಿಸಲಿಲ್ಲ. ಅದೂ ಹೋಗಲಿ, ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ಆದರೆ ನೆಂಟರ ಮನೆಗಳಲ್ಲೆಲ್ಲ ಕೂತು, ಆ ಹುಡುಗಿ ಪಟ್ಟಣದ ಅಂಗಡಿಯಲ್ಲಿ ಗಂಡಸರ ಜೊತೆ ಕದ ಹಾಕಿಕೊಂಡು ಕೆಲಸ ಮಾಡುತ್ತಾಳೆ ಎಂದು ಹೇಳಿಕೊಂಡು ಬಂದಳು. ಆ ಅಂಗಡಿಗೆ ಕದವೇ ಇರಲಿಲ್ಲ, ಇದ್ದದ್ದು ಒಂದು ರೋಲಿಂಗ್ ಶಟರು, ಅದೂ ಅರ್ಧಕ್ಕೆ ಸಿಕ್ಕಿಕೊಂಡು ಕೆಳಗೆ ಬರುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವಳು ಒಂದೇ ಸುಳ್ಳು ಹೇಳಿ ನನಗೆ ಬರಬಹುದಾಗಿದ್ದ ಸಂಬಂಧಗಳನ್ನೆಲ್ಲ ನಿಲ್ಲಿಸಿದಳು. ಅಪ್ಪ ಬೀಗರೂಟಗಳಿಗೆ ಹೋಗುವುದನ್ನೇ ಬಿಟ್ಟರು. ಹೋದಲ್ಲೆಲ್ಲ ಯಾರಾದರೊಬ್ಬರು ಎಲೆಯ ಮುಂದೆ ಕೂತಾಗಲೇ, "ಮಗ್ಳುದು ಏನಾಯ್ತು?" ಎಂದು ಕೇಳುತ್ತಿದ್ದರಂತೆ. ಅವರು ಸಾಯುವವರೆಗೂ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಆಮೇಲೆ ನಾನು ಮದುವೆ ಬೇಡವೆಂದು ತೀರ್ಮಾನ ಮಾಡಿದ್ದು ನನ್ನ ಇಷ್ಟದಿಂದಲೇ. ಆದರೂ ಆ ಪಾಪವನ್ನು ಇವಳ ತಲೆಗೇ ಕಟ್ಟಿದ್ದೇನೆ, ಇಳಿಸುವ ಮನಸ್ಸಿಲ್ಲ.

ಈಗ ಅವಳು ನನ್ನ ಮೇಜಿನ ಮೇಲೆ ಗಂಟಿಟ್ಟು ಬಿಚ್ಚಿದಳು. ಹಳೇ ಡೆಸ್ಕ್‌ಟಾಪಿನ ಸಿಪಿಯು. ಮೈತುಂಬ ವಿಭೂತಿ ಪಟ್ಟೆ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು.

"ಸ್ಟಾರ್ಟೇ ಆಗಾಕಿಲ್ಲ ಕಣವ್ವ. ಪ್ಯಾಟೆಲಿ ಒಬ್ಬ್ನಿಗೆ ತೋರುಸ್ದೆ. ಎಲ್ಲ ಅಳ್ಸಾಕಿ ಒಸದಾಗಿ ಮಾಡ್ಬೇಕು, ಒಳ್ಗಿರೋದೆಲ್ಲ ಓಯ್ತದೆ ಅಂದ. ಬ್ಯಾಡ ಅಂತ ಎತ್ಕಂಡು ಬಂದೆ."

ನಾನು ಸ್ಕ್ರೂಗಳನ್ನು ಬಿಚ್ಚಿ ಪಕ್ಕದ ತಗಡನ್ನು ಎಳೆದೆ. ಸುರ್‍ರೆಂದು ರಾಗಿ ಸುರಿಯಿತು. ಮೇಜಿನ ಮೇಲೆ, ನನ್ನ ಮಡಿಲಿಗೆ, ನೆಲಕ್ಕೆಲ್ಲ. ಈ ಕೆಲಸದಲ್ಲಿ ಜಿರಳೆ ನೋಡಿದ್ದೇನೆ, ಇಲಿಮರಿ ನೋಡಿದ್ದೇನೆ, ಒಮ್ಮೆ ಆಲೆಮನೆಯವರು ತಂದ ಕಂಪ್ಯೂಟರಿನಲ್ಲಿ ಬೆಲ್ಲದ ಪಾಕ ಹೆಪ್ಪುಗಟ್ಟಿ ಇರುವೆ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ. ರಾಗಿ ನೋಡಿದ್ದು ಇದೇ ಮೊದಲು. ಟಾರ್ಚು ಹಾಕಿ ಬಗ್ಗಿ ನೋಡಿದರೆ ಮದರ್‌ಬೋರ್ಡಿನ ಸಂದುಗಳಲ್ಲಿ, ಫ್ಯಾನಿನ ಕೆಳಗೆ ಸಿಕ್ಕಿಕೊಂಡ ಕಾಳುಗಳು ಬೆಳ್ಳಗೆ ಮೊಳಕೆ ಬಿಟ್ಟಿದ್ದವು.

"ಏನಮ್ಮ ಇದು?" ಅಂದೆ.

ಅವಳು ಸ್ಟೂಲಿನ ತುದಿಯಲ್ಲಿ ಕೂತು ಹೇಳಿದ್ದಿಷ್ಟು. ಆಯುಧಪೂಜೆಗೆ ಮನೆಯ ಟ್ರಾಕ್ಟರು, ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷಿನ್ನು ಎಲ್ಲವನ್ನೂ ತೊಳೆದಿದ್ದಾಗಿತ್ತು. ಸೊಸೆಯ ಕಂಪ್ಯೂಟರೊಂದು ಧೂಳು ಹಿಡಿದು ಕೂತಿತ್ತು. ಎಲ್ಲಕ್ಕೂ ಸ್ನಾನ ಆಗಿ ಅದೊಂದು ಮೈಲಿಗೆಯಲ್ಲಿದ್ದರೆ ಚೆಂದವೇ ಎಂದು ಹಿತ್ತಿಲ ಕಲ್ಲಿನ ಮೇಲಿಟ್ಟು ಎರಡು ಚೊಂಬು ನೀರು ಹೊಯ್ದು ಉಜ್ಜಿದಳು. ಪೂಜೆಯಾದ ಮೇಲೆ ಒಳಗೆ ನೀರು ಗುಳುಗುಳು ಅನ್ನುವುದು ಕೇಳಿ ಎದೆ ಧಸಕ್ಕೆಂದಿತು. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಅಕ್ಕಿಯ ಡಬ್ಬಕ್ಕೆ ಇದು ಹಿಡಿಯಲಿಲ್ಲ. ರಾಗಿ ಡ್ರಮ್ಮಿಗೆ ಇಳಿಸಿ, ಮೇಲೆ ರಾಗಿ ಸುರಿದು ಮುಚ್ಚಿದಳು. ಕೆಲವು ದಿನ ಬಿಟ್ಟು ತೆಗೆದು ಸ್ವಿಚ್ಚು ಹಾಕಿದಾಗ ಟಪ್ಪೆಂದು ಸಿಡಿದು ಮನೆಯ ಕರೆಂಟೆಲ್ಲ ಹೋಯಿತು.

"ಒಳ್ಗೆ ಏನಿದೆ?"

"ನನ್ನ ಮೊಮ್ಮಗ್ಳು ಪಟಗೊಳು. ಉಟ್ಟುದಾಗ್ಲಿಂದ ಇರೋವೆಲ್ಲ ಅದ್ರಲ್ಲೇ ಅವಂತೆ. ಪೋನು ತುಂಬ್ದಾಗೆಲ್ಲ ಇದುಕ್ಕಾಕಿ ಪೋನ್ನಾಗ್ ಅಳುಸ್ಬುಡೋಳು ನನ್ನ ಸೊಸೆ. ಬ್ಯಾರೆಲ್ಲೂ ಇಲ್ಲ. ದಸ್ರ ರಜಕ್ಕೆ ಬೆಳಗೊಳಕ್ಕೆ ತವ್ರುಗೋಗವ್ಳೆ. ಅವ್ಳು ಬರೋದ್ರೊಳ್ಗೆ ಸರಿ ಮಾಡ್ಕೊಡವ್ವ. ನಾನು ತೊಳ್ದಿದ್ದು ಅವ್ಳಿಗೆ ಗೊತ್ತಾಗ್ಬಾರ್ದು. ನಿನ್ನ ಕಾಲಿಗ್ ಬೀಳ್ತೀನಿ." ಅವಳು ಎರಡೂ ಕೈ ಜೋಡಿಸಿದಳು.

ಆ ಕೈಗಳನ್ನು ನಾನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು.

ಎಲ್ಲ ಹೋಯಿತು ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೋಯಿತು ಅಂದರೆ ಒಂದು ದಿನ ಅತ್ತು ಸುಮ್ಮನಾಗುತ್ತಾಳೆ. ನೋಡೋಣ ಅಂದರೆ ದಿನಾ ಸಾಯುತ್ತಾಳೆ. ಹಾಗಾಗಿ ಸಾಮಾನನ್ನು ಒಳಗಿಟ್ಟುಕೊಂಡು, ಮುಖದಲ್ಲಿ ಏನನ್ನೂ ತೋರಿಸದೆ ಹೇಳಿದೆ: "ಊರಿಗೆ ಹೋಗಿರಿ. ನೋಡಿ ತಿಳಿಸ್ತೀವಿ."

ಅವಳು ಅಂಗಡಿಯ ಫೋನ್ ನಂಬರು ಬರೆಸಿಕೊಂಡು ಎದ್ದುಹೋದಳು.

ಸೇಡು ಬೇರೆ, ಕೆಲಸ ಬೇರೆ. ಸ್ಟಾರ್ಟ್ ಆಗದ ಕಂಪ್ಯೂಟರಿಗೆ ಮತ್ತೆ ಮತ್ತೆ ಕರೆಂಟು ಕೊಟ್ಟು ಪರೀಕ್ಷೆ ಮಾಡಬಾರದು, ಅದರಲ್ಲೂ ನೀರು ಕುಡಿದದ್ದಕ್ಕೆ ಕೊಡಲೇಬಾರದು. ಜನ ಡಬ್ಬವನ್ನೇ ಕಂಪ್ಯೂಟರು ಅಂದುಕೊಂಡಿರುತ್ತಾರೆ. ಡಬ್ಬ ಸುಟ್ಟರೆ ಸುಡಲಿ, ಪಟಗಳಿರುವುದು ಒಳಗಿನ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಬಿಚ್ಚಿ, ಇನ್ನೊಂದು ಕಂಪ್ಯೂಟರಿಗೆ ಕೇಬಲ್ಲಿನಲ್ಲಿ ಸೇರಿಸಿ, ಮೊದಲು ಫೈಲುಗಳನ್ನು ನಕಲು ಮಾಡಿಕೊಳ್ಳಬೇಕು. ಉಳಿದ ರಿಪೇರಿಯೆಲ್ಲ ಆಮೇಲಿನದು. ನಾನು ಡಿಸ್ಕನ್ನು ಹೊರತೆಗೆದು ತಿರುಗಿಸಿ ನೋಡಿದರೆ ಅದರ ಬೆನ್ನಿಗಂಟಿದ ಸಣ್ಣ ಬೋರ್ಡಿನ ಅಡಿಗೂ ಒಂದು ರಾಗಿ ಬೇರು ನುಗ್ಗಿತ್ತು. ಬೋರ್ಡು ಬಿಚ್ಚಿ, ಚಿಮಟದಲ್ಲಿ ಬೇರು ಕಿತ್ತು, ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ತೊಳೆದೆ. ಕಿಲುಬು ಹಿಡಿದು ಹಸಿರುಗಟ್ಟಿದ ಕಡೆ ಸ್ಕೂಲು ಮಕ್ಕಳ ರಬ್ಬರಿನಿಂದ ಉಜ್ಜಿದೆ. ಚೆನ್ನಾಗಿ ಆರಿಸಿ ಕೇಬಲ್ ಸಿಕ್ಕಿಸಿದರೆ ಡಿಸ್ಕು ತಿರುಗಿತು, ಪರದೆಯ ಮೇಲೆ ಏನೂ ಬರಲಿಲ್ಲ. ಆಗ ನನಗೆ ಭಯವಾಯಿತು. ನಾನು ಹೋಯಿತು ಎಂದು ಸುಳ್ಳು ಹೇಳುವುದು ಬೇರೆ, ಅದು ನಿಜವಾಗಿಯೇ ಹೋಗುವುದು ಬೇರೆ. ಯಾವುದೋ ಮಗುವಿನ ಪಟಗಳು ನನ್ನ ಕೈಯಲ್ಲಿ ಸಾಯುವುದು ನನಗೆ ಬೇಕಿರಲಿಲ್ಲ. ಮತ್ತೆ ಬಿಚ್ಚಿದೆ, ಮತ್ತೆ ಉಜ್ಜಿದೆ, ಬೈದುಕೊಂಡು ಮತ್ತೆ ಸಿಕ್ಕಿಸಿದೆ. ಸಂಜೆಯ ಹೊತ್ತಿಗೆ ಫೋಲ್ಡರುಗಳು ಒಂದೊಂದಾಗಿ ಕಾಣಿಸಿಕೊಂಡವು. ಒಂದನ್ನೂ ಬಿಡದೆ ಎಲ್ಲವನ್ನೂ ನಕಲು ಮಾಡಿಕೊಂಡು, ಸರಿಯಾಗಿ ತೆರೆಯುತ್ತವೆಯೇ ಎಂದು ಅಲ್ಲೊಂದು ಇಲ್ಲೊಂದು ತೆಗೆದು ನೋಡಿದೆ. ಹಲ್ಲಿಲ್ಲದ ಬಾಯಲ್ಲಿ ಕಬ್ಬಿನ ಜಲ್ಲೆ ಕಚ್ಚುವ ಹುಡುಗಿ, ಕಾಲುವೆ ಮೆಟ್ಟಿಲ ಮೇಲೆ ಒದ್ದೆ ಚಡ್ಡಿಯಲ್ಲಿ ಅಳುವ ಹುಡುಗಿ. ಎಲ್ಲ ಕ್ಷೇಮವಾಗಿದ್ದವು.

ಮುದುಕಿಗೆ ಮಾತ್ರ ಫೋನು ಮಾಡಲಿಲ್ಲ.

ಅವಳೇ ಮಾಡಿದಳು. "ಆಯ್ತೇನವ್ವ?" "ನೋಡ್ತಿದ್ದೀವಿ." ಮಾರನೇ ದಿನ ಮತ್ತೆ. "ಏನಾರ ಗೊತ್ತಾಯ್ತಾ?" "ಇನ್ನೂ ಹೇಳಕ್ಕಾಗಲ್ಲ." ಅವಳ ದನಿ ದಿನದಿನಕ್ಕೂ ಇಳಿಯುತ್ತ ಬಂತು. ಅಷ್ಟರಲ್ಲಿ ನಾನು ಸುಟ್ಟುಹೋದ ಪವರ್ ಸಪ್ಲೈ ಬದಲಿಸಿ, ಮದರ್‌ಬೋರ್ಡನ್ನು ತೊಳೆದು ಒಣಗಿಸಿ, ಕಂಪ್ಯೂಟರನ್ನೂ ಎಬ್ಬಿಸಿ ಕೂರಿಸಿದ್ದೆ. ಅದು ಪಕ್ಕದಲ್ಲಿ ಸಣ್ಣಗೆ ಗುಂಯ್‌ಗುಡುತ್ತಿರುವಾಗಲೇ ನಾನು ಫೋನೆತ್ತಿ, "ಕಷ್ಟ ಇದೆ ಅಮ್ಮ" ಅನ್ನುತ್ತಿದ್ದೆ. ಇವರು ನೋಡಿಹೋದ ವರ್ಷವಿಡೀ ಅಪ್ಪ ಅಂಚೆಯವನ ದಾರಿ ಕಾದದ್ದು ನೆನಪಾಗಿ ನನ್ನ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು.

ಅಮ್ಮನಿಗೆ ವಿಷಯ ಹೇಳಿದೆ. ಅವಳು ಈಗ ನನ್ನ ಜೊತೆಯಲ್ಲೇ ಇದ್ದಾಳೆ. ವಯಸ್ಸಾದವಳು, ಪಾಪ ಕೊಟ್ಟುಬಿಡು ಅನ್ನುತ್ತಾಳೆ ಎಂದುಕೊಂಡಿದ್ದೆ. ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ಳೇನೇ?"

"ಅವಳೇ."

"ಕೈ ಮುಗುದ್ಲಾ?"

"ಮುಗಿದಳು."

"ಇನ್ನೊಸಿ ದಿನ ಮುಗೀಲಿ ಬುಡು," ಎಂದು ಅಮ್ಮ ಮುದ್ದೆಯನ್ನು ತಟ್ಟೆಗೆ ಹಾಕಿದಳು. ಹೆಣ್ಣು ನೋಡಲು ಬಂದವರಿಗೆ ಮಾಡಿದ ಆ ಕೇಸರಿಬಾತಿಗೆ ಅವಳು ಪಕ್ಕದ ಮನೆಯಿಂದ ತುಪ್ಪ ಕೇಳಿ ತಂದಿದ್ದಳಂತೆ. ನನಗೆ ಅದು ಗೊತ್ತಾದದ್ದೇ ಅವತ್ತು.

ಆದರೂ ನನಗೆ ಸಾಲಲಿಲ್ಲ. ಕಾಯಿಸುವುದು ಸಣ್ಣ ಶಿಕ್ಷೆ. ಅವಳು ಹೆದರಿದ್ದು ಯಾವುದಕ್ಕೋ ಅದೇ ಆಗಬೇಕು ಅನ್ನಿಸಿತು. ಫೈಲುಗಳ ನಡುವೆ ಸೊಸೆ ಮಾಡಿಸಿದ್ದ ಒಂದು ಜಾಹೀರಾತಿನ ಪಟ ಸಿಕ್ಕಿತ್ತು, ಸೀರೆಗೆ ಕುಚ್ಚು ಕಟ್ಟಿಕೊಡಲಾಗುವುದು ಎಂದು, ಕೆಳಗೆ ಮೊಬೈಲ್ ನಂಬರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಕಾಲವನ್ನು ನಾನೇ ತಂದುಕೊಡುತ್ತೇನೆ ಎಂದು ಫೋನು ಮಾಡಿದೆ. ನಾನು ಯಾರು, ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಹೇಳಿ, ಅವಳ ಅತ್ತೆ ಕಂಪ್ಯೂಟರಿಗೆ ನೀರು ಹೊಯ್ದದ್ದು, ರಾಗಿಯಲ್ಲಿ ಹೂತದ್ದು, ಕದ್ದುಮುಚ್ಚಿ ನನ್ನ ಹತ್ತಿರ ತಂದದ್ದು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಪಟಗೊಳು?" ಅಂದಳು ಕೊನೆಗೆ.

"ಒಂದೂ ಹೋಗಿಲ್ಲ. ಎಲ್ಲ ತೆಗೆದಿಟ್ಟಿದ್ದೀನಿ." ಮಾತು ನಂಬಲೆಂದು ಕಬ್ಬು ಕಚ್ಚುವ ಪಟವನ್ನು ಅವಳ ಫೋನಿಗೆ ಕಳಿಸಿದೆ. ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಇನ್ನು ಶುರುವಾಗುತ್ತದೆ ರಂಪ, ಈಗಲೇ ಅತ್ತೆಗೆ ಫೋನು ಮಾಡಿ ಜಾಲಾಡುತ್ತಾಳೆ ಎಂದು ನಾನು ಕಾದೆ.

"ಅಕ್ಕ, ನಂಗೆ ಗೊತ್ತಾಯ್ತು ಅಂತ ಅವ್ರಿಗೆ ಏಳ್ಬೇಡಿ," ಅಂದಳು ಅವಳು ತಣ್ಣಗೆ. "ನಾನು ಆ ಮನೆಗ್ ಓದಾಗಿಂದ ಆಲು ಉಕ್ಸುದ್ರೆ ಬೀದಿಗೆಲ್ಲ ಏಳವ್ರೆ, ಸಾರಿಗೆ ಉಪ್ಪಾದ್ರೆ ನೆಂಟ್ರಿಗೆಲ್ಲ ಏಳವ್ರೆ. ಇದ ಎಷ್ಟು ದಿನ ಬಚ್ಚಿಡ್ತಾರೋ ನೋಡ್ತೀನಿ. ನಾನೊಂದ್ ಮಾತೂ ಆಡಾಕಿಲ್ಲ. ಸುಮ್ನೆ ನೋಡ್ತಾ ಇರ್ತೀನಿ."

ನಾನು ಫೋನಿಟ್ಟೆ. ಸೇಡಿನಲ್ಲಿ ನಾನೇ ಗಟ್ಟಿಗಿತ್ತಿ ಎಂದುಕೊಂಡಿದ್ದೆ.

ಅದಾಗಿ ಎರಡು ದಿನಕ್ಕೆ ಮುದುಕಿ ಮತ್ತೆ ಅಂಗಡಿಗೆ ಬಂದಳು. ಕಣ್ಣು ಗುಳಿ ಬಿದ್ದಿತ್ತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಸ್ಟೂಲಿನ ಮೇಲೆ ಕುಸಿದಳು. "ನಾಳೆ ಬತ್ತಾಳೆ ಕಣವ್ವ. ಇವತ್ತು ಏನಾದ್ರೂ ಒಂದೇಳು."

ಇದಕ್ಕೇ ನಾನು ಕಾದಿದ್ದು. ಕಂಪ್ಯೂಟರನ್ನು ಅವಳ ಮುಂದೆ ಇಟ್ಟು, ಪರದೆ ಅವಳ ಕಡೆ ತಿರುಗಿಸಿ, ಮೊಮ್ಮಗಳ ಪಟ ತೆಗೆದು ತೋರಿಸಿದೆ. ಅವಳ ಬಾಯಿ ತೆರೆದುಕೊಂಡಿತು. ಕೈ ಪರದೆಯ ಕಡೆ ಹೋಯಿತು. ಆ ಕೈ ತಲುಪುವ ಮೊದಲೇ ನಾನು ಪರದೆಯನ್ನು ಆರಿಸಿದೆ.

"ತಂದ ದಿನವೇ ಸಿಕ್ಕಿತ್ತು," ಅಂದೆ. "ಬೇಕು ಅಂತಲೇ ಕಾಯಿಸಿದೆ. ನಾನು ಯಾರು ಅಂತ ಗೊತ್ತಾ ನಿಮಗೆ?"

"ಗೊತ್ತು," ಅಂದಳು.

"ಯಾರು?" ಅಂದೆ.

"ನಾಗಮಂಗಲದ ಕಡೇ ಉಡ್ಗಿ. ಬೆಳ್ಳು ಸುಟ್ಕಂಡಿದ್ದೋಳು. ಇಲ್ಲಿ ಅಂಗ್ಡಿ ಮಡಗಿದ್ದಿ ಅಂತ ನೆಂಟ್ರು ಏಳಿದ್ರು. ಗೊತ್ತಿದ್ದೇ ಬಂದೆ."

"ಗೊತ್ತಿದ್ದೂ ನನ್ನ ಹತ್ರ ಯಾಕೆ ಬಂದ್ರಿ?"

"ಆ ಪ್ಯಾಟೆಯೋನಿಗೆ ನಾನ್ಯಾರೋ. ಎಲ್ಲ ಅಳುಸ್ಬುಟ್ಟು, ಸಂಜೀಕ್ ಮರ್ತುಬುಡ್ತಾನೆ. ನೀನು ಅಂಗಲ್ಲ ಕಣವ್ವ. ನೀನು ಮರೆಯೋಳಲ್ಲ. ನನ್ನ ಗೋಳುಯ್ಕೊಳಕಾದ್ರೂ ಅದ ಜ್ವಾಪಾನವಾಗಿ ಉಳುಸ್ಕಂಡು ಮಡಗಿರ್ತೀಯ ಅನ್ಕಂಡೆ."

ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ನಾನು ಕೂತು ಚಪ್ಪರಿಸಿದ ಸೇಡನ್ನು ಇವಳು ಬೀಗದ ಪೆಟ್ಟಿಗೆಯಾಗಿ ಬಳಸಿಕೊಂಡಿದ್ದಳು. ಫೋನಿನಲ್ಲಿ ನಾನು "ನೋಡ್ತಿದ್ದೀವಿ" ಅಂದಾಗಲೆಲ್ಲ ಅವಳು ಒಂದು ಕಡೆ ಹೆದರಿ, ಇನ್ನೊಂದು ಕಡೆ ಸದ್ಯ ಭದ್ರವಾಗಿದೆ ಎಂದುಕೊಂಡಿರಬೇಕು. 

"ನನ್ನ ಮೇಲೆ ಆ ಸುಳ್ಳು ಯಾಕೆ ಹೇಳಿದ್ರಿ? ನಿಮಗೆ ನಾನೇನು ಮಾಡಿದ್ದೆ?"

ಅವಳು ರಸ್ತೆಯ ಕಡೆ ನೋಡಿದಳು. "ನೀನು ಕೈ ಕಿತ್ಕಂಡು ನನ್ನ ಮುಸುಡಿನೇ ನೋಡ್ದೆ. ಇವ್ಳು ಮನೆಗ್ ಬಂದ್ರೆ ನಾನು ಮೂಲೆ ಸೇರ್ತೀನಿ ಅನ್ಸುಬುಡ್ತು. ಎಣ್ಣು ಚೆಂದಾಗಿದ್ಲಲ್ಲ, ಯಾಕ್ ಬ್ಯಾಡ ಅಂದ್ರಿ ಅಂತ ಎಲ್ರೂ ಕೇಳೋರು. ಏನಾರ ಏಳ್ಬೇಕಲ್ಲ, ಏಳ್ದೆ. ಆಮ್ಯಾಕೆ ತಲೆ ಬಗ್ಸಿ ನಡೆಯೋಳ ತಂದ್ಕಂಡೆ."

"ಈಗ ಹೇಗಿದೆ?"

"ನೀನಾಗಿದ್ರೆ ಜಗಳ ಆಡ್ತಿದ್ದೆ. ಅವ್ಳು ಏನೂ ಅನ್ನಾಕಿಲ್ಲ. ಸುಮ್ನೆ ನೋಡ್ತಾಳೆ. ಅವ್ಳು ಸುಮ್ಕಿದ್ದಷ್ಟೂ ನಂಗೆ ಎದ್ರಿಕೆ ಆಯ್ತದೆ. ಉಂಡಿದ್ದು ಅರಗಾಕಿಲ್ಲ."

ನಾನು ಇನ್ನೂ ಕಾದೆ. ತಪ್ಪಾಯಿತು ಅನ್ನುವ ಒಂದು ಮಾತು, ನನಗಲ್ಲದಿದ್ದರೆ ಬೀಗರೂಟದ ಪಂಕ್ತಿಯಿಂದ ಎದ್ದುಬರುತ್ತಿದ್ದ ನಮ್ಮಪ್ಪನಿಗಾದರೂ. ಅದು ಬರಲಿಲ್ಲ. ಅವಳು ಸೀರೆಯನ್ನು ಮೇಜಿನ ಮೇಲೆ ಹಾಸಿ, ಕಂಪ್ಯೂಟರನ್ನು ಅದರಲ್ಲಿಟ್ಟು, ನಾಲ್ಕೂ ಮೂಲೆ ಎಳೆದು ಗಂಟು ಹಾಕತೊಡಗಿದಳು. ಕೊಡಬೇಕಾದ ಕೂಲಿ ಕೊಟ್ಟಳು, ನಾನು ತೆಗೆದುಕೊಂಡೆ. ಗಂಟನ್ನು ಸೊಂಟಕ್ಕೇರಿಸಿಕೊಂಡ ಮೇಲೆ ಅವಳ ಮುಖ ಸಡಿಲವಾಯಿತು. ಮೊದಲ ಸಲ ಅವಳು ನಕ್ಕದ್ದನ್ನು ನೋಡಿದೆ.

"ಸದ್ಯ, ಅವ್ಳಿಗೆ ಗೊತ್ತಾಗ್ದಂಗೆ ಮುಗೀತಲ್ಲ. ಇನ್ನು ಮನ್ಸಿಗ್ ನೆಮ್ದಿ," ಅಂದಳು.

ನಿಮ್ಮ ಸೊಸೆಗೆ ಎಲ್ಲ ಗೊತ್ತಿದೆ, ನೀವೇ ಮೊದಲು ಬಾಯಿಬಿಟ್ಟು ಹೇಳಿಬಿಡಿ ಎಂದು ನಾನೊಂದು ಮಾತು ಹೇಳಿದ್ದರೆ ಆ ಮುದುಕಿ ಬಚಾವಾಗುತ್ತಿದ್ದಳು. ಹೊರಗೆ ಚಿನಕುರಳಿ ಮೇಲೆ ಹೋಗುವ ಕೆ.ಆರ್. ಪೇಟೆ ಬಸ್ಸು ಬಂದು ನಿಂತು ಹಾರ್ನ್ ಮಾಡುತ್ತಿತ್ತು.

"ಬೇಗ ಹತ್ತಿ ಅಮ್ಮ, ಸೀಟು ಖಾಲಿ ಇದೆ," ಅಂದೆ.